ಎದೆಯ ನೋವು, ಎದೆಯೊಳಗಿನ ನೋವು

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಭಯಗೊಂಡ ಜನರು ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಮುನ್ನೆಚ್ಚರಿಕೆ ತಪ್ಪಲ್ಲ. ಆದರೆ ಇಸಿಜಿ ಮಾಡಿಸಿಕೊಂಡು ಮನೆಗೆ ಮರಳಿದವರನ್ನು ನಾವು ಕೇಳಬೇಕಾದ ಪ್ರಶ್ನೆಯೊಂದು ಬಾಕಿಯಿದೆ: ಈ ಹೃದಯವು ಎಷ್ಟು ಕಾಲದಿಂದ, ಯಾವ ಭಾರವನ್ನು ಹೊತ್ತು ಬಡಿಯುತ್ತಿದೆ?

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾ. ಸಲೀಂ ಯೂಸುಫ್‌ರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ಹೃದಯಾಘಾತದ ಅಪಾಯವನ್ನು ನಿರ್ಧರಿಸುವ ಒಂಬತ್ತು ಅಂಶಗಳನ್ನು ಅದು ಗುರುತಿಸಿತು. ಧೂಮಪಾನ, ಮಧುಮೇಹ, ರಕ್ತದೊತ್ತಡಗಳ ಸಾಲಿನಲ್ಲಿಯೇ ಮನೆ, ದುಡಿಮೆ ಮತ್ತು ಹಣಕಾಸಿನ ಒತ್ತಡವೂ ಖಿನ್ನತೆಯೂ ಅದರಲ್ಲಿ ಸೇರಿದ್ದವು.

ಇದರ ಕಾರಣ ನಿಗೂಢವೇನಲ್ಲ. ಸಿಟ್ಟು ಅಥವಾ ಭಯ ಉಂಟಾದಾಗ ದೇಹವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್‌ಗಳನ್ನು ಹರಿಯಬಿಡುತ್ತದೆ. ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತಕ್ಕೆ ಸಕ್ಕರೆ ಸೇರುತ್ತದೆ. ಅಪಾಯದಿಂದ ಪಾರಾಗಲು ದೊರೆತ ಈ ಏರ್ಪಾಡು ಕ್ಷಣಕಾಲಕ್ಕೆ ವರದಾನ. ವರ್ಷಗಟ್ಟಲೆ ಮುಂದುವರಿದರೆ ಅದೇ ರೋಗ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ತೀವ್ರ ಕೋಪದ ನಂತರದ ಎರಡು ತಾಸುಗಳಲ್ಲಿ ಹೃದಯಾಘಾತದ ಅಪಾಯವು ಎರಡು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು, ಮರೆವಿನ ಕಾಯಿಲೆಯ ಬಂಧುಗಳನ್ನು ಆರೈಕೆ ಮಾಡುತ್ತಿದ್ದ ಮಹಿಳೆಯರ ಚರ್ಮದ ಮೇಲಿನ ಪುಟ್ಟ ಗಾಯ ಮಾಯಲು ಇತರರಿಗಿಂತ ಒಂಬತ್ತು ದಿನ ಹೆಚ್ಚು ಬೇಕಾಯಿತೆಂದು ತೋರಿಸಿತು.

ಈಗ ನಮ್ಮ ಮನೆಗಳತ್ತ ನೋಡೋಣ. ಗಂಡಸಿನ ಕೋಪವನ್ನು ನಾವು ಪೌರುಷವೆನ್ನುತ್ತೇವೆ. ಹೆಣ್ಣು ನುಂಗಿಕೊಂಡ ದುಃಖವನ್ನು ತಾಳ್ಮೆಯೆನ್ನುತ್ತೇವೆ. ಮಗಳ ಮದುವೆಯ ಆಡಂಬರಕ್ಕೆ ಸಾಲ ಮಾಡಿದ ತಂದೆ ನಿದ್ದೆಗೆಟ್ಟು ಮಗ್ಗುಲು ಬದಲಿಸುವಾಗ, ಉಂಡು ಹೋದವರಾರೂ ಆ ಸಾಲದಲ್ಲಿ ಪಾಲುದಾರರಾಗುವುದಿಲ್ಲ. ಅಂಥವನಿಗೆ 'ಚಿಂತೆ ಬಿಡು' ಎಂದು ಬುದ್ಧಿ ಹೇಳುವುದು ಸುಲಭ. ಚಿಂತೆ ಹುಟ್ಟಿಸುವ ಪದ್ಧತಿಯನ್ನು ಬಿಡುವುದು ಕಷ್ಟ. ಆದರೆ ನಿಜವಾದ ಚಿಕಿತ್ಸೆ ಅದುವೇ.

ಹಾಗೆಂದು ಎದೆನೋವನ್ನು 'ಬರೀ ಟೆನ್ಶನ್' ಎಂದು ತಳ್ಳಿಹಾಕಬಾರದು. ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ರಕ್ತದೊತ್ತಡದ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಮನಸ್ಸು ದಣಿದಾಗ ನೆರವು ಕೇಳುವುದು ಅವಮಾನವೂ ಅಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕಾನೂನು ಬರೆದ ಸರಕಾರವು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನೂ ಒದಗಿಸಲಿ.

ಸರಕಾರಕ್ಕೆ ಕಾಯದೆ ನಾವು ಮಾಡಬಹುದಾದದ್ದೂ ಒಂದಿದೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಟಿವಿಯನ್ನೂ ಮೊಬೈಲನ್ನೂ ಬದಿಗಿಟ್ಟು, ಮನೆಯಲ್ಲಿ ಅತ್ಯಂತ ಕಡಿಮೆ ಮಾತಾಡುವವರು ಯಾರೋ ಅವರನ್ನು ಮಾತಾಡಿಸೋಣ. ಅವರು ಹೇಳಿ ಮುಗಿಸುವ ತನಕ ಆಲಿಸೋಣ.