ಕುದಿನೀರಿಗೂ ಒಂದು ಲೆಕ್ಕ

ಮಕ್ಕಳೇ, ನೀರಿನ ಬಿಸಿಗೆ ನಮ್ಮ ಮಾತಿನಲ್ಲಿ ಎಷ್ಟು ಹೆಸರುಗಳಿವೆ, ಎಂದಾದರೂ ಎಣಿಸಿದ್ದೀರಾ? ತಣ್ಣಗೆ, ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ, ಸುಡುಸುಡು, ಕೊತಕೊತ ಕುದಿ. ಇವುಗಳಲ್ಲಿ ಒಂದಕ್ಕೂ ಡಿಗ್ರಿಯ ಅಂಕಿ ಅಂಟಿಕೊಂಡಿಲ್ಲ. ಆದರೂ ನಮ್ಮ ನವಲಿಯ ಅಡುಗೆಮನೆಗಳಲ್ಲಿ ಲೆಕ್ಕ ತಪ್ಪುವುದು ಅಪರೂಪ. ಜೋಳದ ರೊಟ್ಟಿಯ ಹಿಟ್ಟಿಗೆ ಮರಳುವ ಎಸರೇ ಬೇಕು. ಜೋಳದಲ್ಲಿ ಗೋಧಿಯಂಥ ಜಿಗುಟಿಲ್ಲ. ಕುದಿನೀರು ಬಿದ್ದು ಹಿಟ್ಟಿನ ಪಿಷ್ಟ ಉಬ್ಬಿ ಅಂಟಾದರೇನೇ ಬಡಿಯುವಾಗ ಅಂಚು ಸೀಳದೆ ರೊಟ್ಟಿ ಅಗಲವಾಗುತ್ತದೆ. ಹಾಲಿಗೆ ಹೆಪ್ಪು ಹಾಕುವಾಗ ಬೆರಳು ಅದ್ದಿ ನೋಡಬೇಕು, ಬೆಚ್ಚಗಿದ್ದರೆ ಸಾಕು. ಸುಡುವ ಹಾಲಿಗೆ ಹಾಕಿದರೆ ಹೆಪ್ಪಿನೊಳಗಿನ ಜೀವಿಗಳೇ ಸಾಯುತ್ತವೆ.

ಚಹಾದ ಮಟ್ಟಿಗೆ ಮಾತ್ರ ನಮಗೆ ಗೊತ್ತಿರುವುದು ಒಂದೇ ಹದ: ಕುದಿ, ಇನ್ನೊಂದು ಕುದಿ, ಉಕ್ಕಿ ಬರುವಾಗ ಕೆಳಗಿಳಿಸು. ಅದು ತಪ್ಪೂ ಅಲ್ಲ. ನಾವು ಹಾಕುವ ಕಾಳುಕಾಳು ಪುಡಿ, ಅದನ್ನು ಮಾಡುವ ಸಿಟಿಸಿ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದದ್ದು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ, ಗಾಳಿಗೆ ಕಪ್ಪಾಗಲು ಬಿಟ್ಟು ಒಣಗಿಸುತ್ತಾರೆ. ಹಾಲು, ಸಕ್ಕರೆ, ಶುಂಠಿ ಎಲ್ಲವನ್ನೂ ಎದುರಿಸಿ ನಿಲ್ಲುವ ಗಟ್ಟಿ ಚಹಾ ಅದು. ಎಷ್ಟು ಕುದಿಸಿದರೂ ಮುನಿಯುವುದಿಲ್ಲ.

ಹೋದ ವರ್ಷ ನಮ್ಮ ಮನೆಗೆ ಮುನಿಯುವ ಚಹಾ ಬಂತು. ನನ್ನ ಹೆಂಡತಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಸಿಹಿ ಚಹಾ ಕುಡಿಯುವುದನ್ನು ಬಿಡಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ, ಬೆಂಗಳೂರಿನ ಮಗಳು ಜಪಾನಿನ ಹಸಿರು ಚಹಾದ ಪೊಟ್ಟಣ ತಂದಳು. ಹೆಸರು ‘ಸೆಂಚಾ’. ಸೂಜಿಯಂತೆ ಸಣ್ಣಗೆ ಹೊಸೆದ ಕಡುಹಸಿರು ಎಲೆ, ಮೂಸಿದರೆ ಹಸಿಹುಲ್ಲಿನ ವಾಸನೆ. ಸೊಸೆ ನಮ್ಮ ರೂಢಿಯಂತೆ ಕುದಿಸಿ ಸೋಸಿ ಕೊಟ್ಟಳು. ಒಂದು ಗುಟುಕು ಕುಡಿದ ನಮ್ಮ ಮನೆಯಾಕಿ, “ಇದಕ್ಕಿಂತ ಬೇವಿನ ಕಷಾಯ ವಾಸಿ ನೋಡ್ರೀ” ಎಂದು ಲೋಟ ಪಕ್ಕಕ್ಕಿಟ್ಟಳು. ಸಕ್ಕರೆ ಹಾಕುವಂತಿಲ್ಲ, ಹಾಲು ಹೊಂದುವುದಿಲ್ಲ. ಕಹಿಯಾದರೆ ಆ ಪೊಟ್ಟಣ ಮೂಲೆ ಸೇರುತ್ತದೆ, ಸಿಹಿ ಚಹಾ ಮತ್ತೆ ಒಲೆಯೇರುತ್ತದೆ.

ಮೊಮ್ಮಗಳು ಪೊಟ್ಟಣದ ಹಿಂದೆ ಚಿತ್ರ ನೋಡಿ, “ಅಜ್ಜಾ, ಇಲ್ಲಿ 70 ಡಿಗ್ರಿ ಅಂತ ಐತಿ” ಎಂದಳು. ಎಲ್ಲ ಗುಟ್ಟೂ ಅದರಲ್ಲೇ ಇತ್ತು.

ಸೆಂಚಾ ಮಾಡುವವರು ಎಲೆ ಕಿತ್ತ ಕೂಡಲೇ ಹಬೆಯಲ್ಲಿ ಬೇಯಿಸುತ್ತಾರೆ. ಹಾಗಾಗಿ ಅದು ಕಪ್ಪಾಗದೆ ಹಸಿರಾಗಿಯೇ ಉಳಿಯುತ್ತದೆ. 1738ರಲ್ಲಿ ಕ್ಯೋಟೊ ಬಳಿಯ ಉಜಿ ಸೀಮೆಯ ನಾಗಾತಾನಿ ಸೋಎನ್ ಎಂಬ ಬೆಳೆಗಾರ ಈ ಬಗೆಯನ್ನು ಹದಕ್ಕೆ ತಂದನೆಂದು ಜಪಾನಿನಲ್ಲಿ ಹೇಳುತ್ತಾರೆ. ಆ ಎಲೆಯಲ್ಲಿ ಎರಡು ಸಂಗತಿಗಳಿವೆ. ಒಂದು, ಕ್ಯಾಟೆಚಿನ್, ನಾಲಿಗೆಯನ್ನು ಒಗರು ಮಾಡುವಂಥದ್ದು. ಇನ್ನೊಂದು, ಥಿಯಾನಿನ್, ಬಾಯಲ್ಲಿ ಮೆತ್ತಗಿನ ಸವಿ ಬಿಡುವಂಥದ್ದು. ಇದನ್ನು ಜಪಾನಿನವರು 1949ರಲ್ಲಿ ಚಹಾ ಎಲೆಯಲ್ಲೇ ಪತ್ತೆಮಾಡಿದರು. ಥಿಯಾನಿನ್ ಸಾಧು ಸ್ವಭಾವದ್ದು, ಕಡಿಮೆ ಬಿಸಿಯ ನೀರಿಗೂ ಇಳಿದು ಬರುತ್ತದೆ. ಕ್ಯಾಟೆಚಿನ್ ಹಟಮಾರಿ, ನೀರು ಬಿಸಿಯಾದಷ್ಟೂ ಹೆಚ್ಚು ಹೊರಬೀಳುತ್ತದೆ. 70ರಿಂದ 80 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷ ಇಟ್ಟರೆ ಸವಿ ಮುಂದೆ, ಒಗರು ಹಿಂದೆ. ನೆರಳಿನಲ್ಲಿ ಬೆಳೆಸಿದ ದುಬಾರಿ ‘ಗ್ಯೋಕುರೊ’ಗೆ 50-60 ಡಿಗ್ರಿ ಸಾಕಂತೆ. ಅಗ್ಗದ ‘ಬಂಚಾ’ಕ್ಕೆ ಕುದಿನೀರೇ ಆಗುತ್ತದೆ. ದುಡ್ಡು ಹೆಚ್ಚಾದಂತೆ ಬಿಸಿ ಕಡಿಮೆ. ನನಗೆ ಇದು ಮೋಜೆನಿಸಿತು.

ಸರಿ, 70 ಡಿಗ್ರಿಯನ್ನು ಗುರುತಿಸುವುದು ಹೇಗೆ? ಮನೆಯಲ್ಲಿರುವ ಜ್ವರದ ಥರ್ಮಾಮೀಟರನ್ನು ಮುಟ್ಟಬೇಡಿ. ಅದು 42 ಡಿಗ್ರಿಯವರೆಗೆ ಮಾತ್ರ ಅಳೆಯುತ್ತದೆ, ಬಿಸಿನೀರಿಗೆ ಇಳಿಸಿದರೆ ಕೆಡುತ್ತದೆ; ಗಾಜಿನದಾದರೆ ಒಡೆದೇ ಹೋಗಬಹುದು.

ಹಿಂದಿನವರು ಕಣ್ಣು, ಕಿವಿಗಳಿಂದಲೇ ಅಳೆದರು. ಎಂಟನೆಯ ಶತಮಾನದಲ್ಲಿ ಚೀನಾದ ಲು ಯು ಚಹಾದ ಮೇಲೆ ಒಂದು ಪುಸ್ತಕವನ್ನೇ ಬರೆದ. ನೀರಿನಲ್ಲಿ ಮೊದಲು ಮೀನಿನ ಕಣ್ಣಿನಂಥ ಗುಳ್ಳೆ, ಆಮೇಲೆ ಪಾತ್ರೆಯ ಅಂಚಿನಲ್ಲಿ ಮುತ್ತಿನ ಸರದಂಥ ಗುಳ್ಳೆ, ಕೊನೆಗೆ ಅಲೆ ಎಂದು ಕುದಿಯನ್ನು ಮೂರು ಹಂತ ಮಾಡಿದ್ದಾನೆ. ಜಪಾನಿನಲ್ಲಿ ಕುದಿನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಆರಿಸುತ್ತಾರೆ. ಒಂದು ಸಲ ಸುರಿದರೆ ಹತ್ತಿರ ಹತ್ತಿರ ಹತ್ತು ಡಿಗ್ರಿ ಇಳಿಯಿತೆಂದು ಲೆಕ್ಕ. ಹಬೆಯನ್ನೂ ನೋಡುತ್ತಾರೆ: ನೆಟ್ಟಗೆ ಜೋರಾಗಿ ಎದ್ದರೆ ಇನ್ನೂ ಬಿಸಿ ಹೆಚ್ಚು, ತೆಳ್ಳಗೆ ತೇಲಿದರೆ ಹದ. ಡಿಸೆಂಬರಿನ ಬೆಳಗಿನಲ್ಲಿ ಇದು ನಮ್ಮಲ್ಲೂ ನಡೆಯಿತು. ಏಪ್ರಿಲಿನಲ್ಲಿ ಕೈಕೊಟ್ಟಿತು. ನಮ್ಮ ಕಡೆಯ ಬೇಸಿಗೆಯ ಒಣ ಬಿಸಿಗಾಳಿಯಲ್ಲಿ ಹಬೆ ಕಣ್ಣಿಗೆ ಕಾಣುವ ಮೊದಲೇ ಕರಗಿಹೋಗುತ್ತದೆ. ಸುಡುವ ನೀರೂ ಏನೂ ಅರಿಯದಂತೆ ಸುಮ್ಮನೆ ಕೂತಿರುತ್ತದೆ.

ಆಗ ನನ್ನ ಬಿ.ಕಾಂ. ಕೆಲಸಕ್ಕೆ ಬಂತು. ಬೇರೆ ಬೇರೆ ಬಡ್ಡಿಯ ಎರಡು ಠೇವಣಿ ಸೇರಿದರೆ ಸರಾಸರಿ ಬಡ್ಡಿ ಎಷ್ಟು ಎಂದು ಕೌಂಟರಿನಲ್ಲಿ ಕೂತು ಎಷ್ಟೋ ಸಲ ತೆಗೆದಿದ್ದೇನೆ. ನೀರಿಗೂ ಅದೇ ಲೆಕ್ಕ. ಎರಡು ಲೋಟ ಕುದಿನೀರು, ತಲಾ 100. ಒಂದು ಲೋಟ ತಣ್ಣೀರು, 30. ಕೂಡಿದರೆ 230, ಮೂರರಿಂದ ಭಾಗಿಸಿದರೆ 76 ಚಿಲ್ಲರೆ. ಪಕ್ಕದ ಮನೆಯ ನಿವೃತ್ತ ವಿಜ್ಞಾನ ಮೇಷ್ಟ್ರು 110 ಡಿಗ್ರಿಯ ಥರ್ಮಾಮೀಟರು ತಂದು ಇಳಿಬಿಟ್ಟರು. ಲೆಕ್ಕಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ತೋರಿಸಿತು. ಸುರಿಯುವಾಗ ಗಾಳಿಗೆ ಒಂದಿಷ್ಟು, ಪಾತ್ರೆಗೆ ಒಂದಿಷ್ಟು ಬಿಸಿ ಹೋಗುತ್ತದೆ. ಅದು ಪಾತ್ರೆಯ ಕಮಿಷನ್ ಎಂದೆ, ಮೇಷ್ಟ್ರು ನಕ್ಕರು. ದಪ್ಪ ಪಿಂಗಾಣಿಯ ಕಮಿಷನ್ ಹೆಚ್ಚು, ತೆಳು ಸ್ಟೀಲಿನದು ಕಡಿಮೆ. ಊರು ಎತ್ತರದಲ್ಲಿದ್ದರೆ 100 ಎಂಬ ಅಸಲೂ ಕಡಿಮೆಯಾಗುತ್ತದೆ. ಊಟಿಯಲ್ಲಿ ನೀರು ಸುಮಾರು 92-93 ಡಿಗ್ರಿಗೇ ಕುದಿಯುತ್ತದೆ. ತಣ್ಣೀರು ಮಾತ್ರ ಶುದ್ಧ ನೀರಿನ ಘಟಕದಿಂದ ತಂದದ್ದಿರಲಿ. ಬೋರಿನ ಗಡಸು ನೀರಿನಲ್ಲಿ ಈ ಚಹಾದ ರುಚಿ ಮಂಕಾಗುತ್ತದೆ.

ಎರಡಕ್ಕೊಂದು ನೀರಿನಲ್ಲಿ, ಲೋಟಕ್ಕೊಂದು ಸಣ್ಣ ಚಮಚ ಎಲೆ ಹಾಕಿ ಒಂದು ನಿಮಿಷಕ್ಕೆ ಸೋಸಿದ ಚಹಾವನ್ನು ನಮ್ಮ ಮನೆಯಾಕಿ ಪೂರ್ತಿ ಕುಡಿದಳು. “ಹೆಸರುಕಾಳು ಬೇಯಿಸಿದ ಕಟ್ಟಿನಂಗ ಐತಿ” ಎಂದಳು. ಅದು ಹೊಗಳಿಕೆ ಎಂದು ನಾವೆಲ್ಲ ತಿಳಿದುಕೊಂಡೆವು. ಈಗ ದಿನಕ್ಕೆ ಎರಡು ಸಲ ಅದು, ಒಂದು ಸಲ ಮಾತ್ರ ಹಾಲಿನ ಚಹಾ.

ಆದರೆ ಈ ಲೆಕ್ಕ ನನಗೆ ಹೆಚ್ಚು ಬೇಕಾಗಿದ್ದದ್ದು ಬೇರೆ ಕಡೆ. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲು, ಬೆರಳುಗಳ ತುದಿಯ ನರಗಳು ಸೋಲುತ್ತವೆ. ನಲವತ್ತೈದು ವರ್ಷ ಬೆರಳು ಅದ್ದಿ ಹಾಲಿನ ಹದ ಹೇಳಿದವಳಿಗೆ ಈಗ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಹೋದ ಚಳಿಗಾಲದಲ್ಲಿ ಸ್ನಾನದ ನೀರು ಬೆಚ್ಚಗಿದೆ ಎಂದುಕೊಂಡೇ ಕಾಲಿಗೆ ಸುರಿದುಕೊಂಡಳು. ಬೊಕ್ಕೆ ಎದ್ದದ್ದು ಅವಳಿಗೆ ಗೊತ್ತಾಗಿದ್ದು ಸಂಜೆ, ಅದೂ ಮೊಮ್ಮಗಳು ನೋಡಿ ಹೇಳಿದಾಗ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

ಈಗ ನಮ್ಮ ಬಚ್ಚಲಲ್ಲೂ ಚಹಾದ ಲೆಕ್ಕವೇ. ಐದು ತಂಬಿಗೆ ತಣ್ಣೀರು ಮೊದಲು ಬಕೆಟ್ಟಿಗೆ ಬೀಳಬೇಕು, ಆಮೇಲೆ ಒಂದು ತಂಬಿಗೆ ಕುದಿನೀರು. ತಣ್ಣೀರು 25 ಇದ್ದರೆ ಒಟ್ಟು 225, ಆರರಿಂದ ಭಾಗಿಸಿದರೆ 37 ಮತ್ತು ಅರ್ಧ, ಅಂದರೆ ಮೈಯ ಬಿಸಿಯಷ್ಟೇ. ಕುದಿನೀರು ಹಾಕುವ ಕೆಲಸ ದೊಡ್ಡವರದು. ಕಡೆಗೆ ಮೊಣಕೈ ಇಳಿಸಿ ನೋಡುವ ಕೆಲಸ ಮೊಮ್ಮಗಳದು. ಅವಳು ಹೂಂ ಎನ್ನುವವರೆಗೆ ಅಜ್ಜಿ ತಂಬಿಗೆ ಮುಟ್ಟುವಂತಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜ, ಅಜ್ಜಿ ಇದ್ದರೆ ನೀವೂ ಈ ನೌಕರಿ ಹಿಡಿಯಬಹುದು. ಕಡುಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಕಾದಿರುತ್ತದೆ, ಆಗ ಒಲೆ ಹಚ್ಚುವ ಮಾತೇ ಇಲ್ಲ.

ಈ ವಾರದ ಲೆಕ್ಕ: ಎಳ್ಳ ಅಮಾವಾಸ್ಯೆಯ ಚಳಿಯಲ್ಲಿ ಕೊಡದ ನೀರು 20 ಡಿಗ್ರಿಗೆ ಇಳಿದಿದೆ ಎನ್ನಿ. ಗ್ಯೋಕುರೊಗೆ 60 ಡಿಗ್ರಿ ನೀರು ಬೇಕು. ಎಷ್ಟು ಲೋಟ ಕುದಿನೀರಿಗೆ ಎಷ್ಟು ಲೋಟ ತಣ್ಣೀರು? ಪಾತ್ರೆಯ ಕಮಿಷನ್ ಬಿಟ್ಟು ಹೇಳಿ.