ತುಕ್ಕು ಹಿಡಿಯದ ಉಕ್ಕು: ಒಂದು ತಿದ್ದುಪಡಿ

ಮೂವತ್ತೊಂದು ವರ್ಷ ವಿಜ್ಞಾನ ಬೋಧಿಸಿದ ನಾನು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯವೊಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು: “ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ.” ಅದನ್ನು ಇಂದು ತಿದ್ದಬೇಕಾಗಿದೆ. ನನಗೆ ಈ ಪಾಠ ಕಲಿಸಿದ್ದು ಒಂದು ಹಳೆಯ ಹಾಯಿದೋಣಿ.

ಕಳೆದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ನನ್ನ ತಂಗಿಯ ಮಗನ ಮನೆಯಲ್ಲಿದ್ದೆ. ಅವನು ಕೊಂಡಿದ್ದ ದೋಣಿಗೆ ನಲವತ್ತು ವರ್ಷ ದಾಟಿತ್ತು. ಬಣ್ಣ ಮತ್ತು ಹಾಯಿ ಮಾತ್ರ ಹೊಸತು. ಭಾನುವಾರ ಅವನ ಮಗಳೂ ನಾನೂ ಜೊತೆಯಾಗಿ ಗೋಲ್ಡನ್ ಗೇಟ್ ಸೇತುವೆಯತ್ತ ಹೋಗುವುದೆಂದು ನಿಶ್ಚಯವಾಗಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಸಾಗರದಿಂದ ಕೊಲ್ಲಿಯೊಳಕ್ಕೆ ನುಗ್ಗುವ ಗಾಳಿ ಬಹಳ ಬಲವಾದುದು.

ಶನಿವಾರ ಅವನು ತಪಾಸಣೆಗೆ ತೊಡಗಿದ. ಕೂವೆಮರ ತನ್ನ ಬಲದಿಂದಲೇ ನಿಲ್ಲುವುದಿಲ್ಲ. ಸುತ್ತಲಿನ ಉಕ್ಕಿನ ತಂತಿಗಳು ಅದನ್ನು ಬಿಗಿದು ಹಿಡಿದಿರುತ್ತವೆ. ತಂತಿಯ ತುದಿಯ ಕೊಳವೆ, ಬಿಗಿಗೊಳಿಸುವ ಟರ್ನ್‌ಬಕಲ್, ಅದರ ಪಿನ್ನು, ಕೊನೆಗೆ ದೋಣಿಯ ಒಡಲಿಗೆ ಬಿಗಿದ ಚೈನ್‌ಪ್ಲೇಟ್ ಎಂಬ ಪಟ್ಟಿ: ಈ ಸರಪಳಿಯಲ್ಲಿ ಗಾಳಿ ಬೀಸುವ ಕಡೆಯ ಒಂದೇ ಕೊಂಡಿ ಕಳಚಿದರೂ ಕೂವೆಮರವೇ ಉರುಳೀತು.

ಅವನು ಹತ್ತಿಬಟ್ಟೆಯಿಂದ ತಂತಿಗಳನ್ನು ಒರೆಸಿದ. ಎಳೆ ಮುರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಎಲ್ಲಿಯೂ ಸಿಕ್ಕಲಿಲ್ಲ. “ಮಾವ, ಈ ಭೂತಗನ್ನಡಿ ಹಿಡಿಯಿರಿ” ಎಂದು ಕೊಳವೆಗಳ ಬಾಯಿಯನ್ನು ತೋರಿಸಿದ. ಬಿರುಕಿಲ್ಲ. ಬಳಿಕ ಕೂವೆಮರಕ್ಕೆ ಬದಲಿ ಹಗ್ಗದ ಆಸರೆ ಕೊಟ್ಟು, ಒಂದು ಚೈನ್‌ಪ್ಲೇಟನ್ನು ಬಿಚ್ಚಿ ಹೊರಗೆಳೆದ. ಮೇಲೆ ಕಾಣುತ್ತಿದ್ದ ಭಾಗ ಕನ್ನಡಿಯಂತಿತ್ತು. ಅಟ್ಟದ ಹಲಗೆಯೊಳಗೆ ಹುದುಗಿದ್ದ ಭಾಗ ಕಂದಾಗಿ, ಅಡ್ಡಲಾಗಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು.

ಕಾರಣ ರಸಾಯನಶಾಸ್ತ್ರದಲ್ಲಿದೆ. ಈ ಉಕ್ಕಿನಲ್ಲಿರುವ ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ತೆಳುವಾದ ರಕ್ಷಾಪದರವನ್ನು ಕಟ್ಟಿಕೊಳ್ಳುತ್ತದೆ. ಉಪ್ಪುನೀರು ಇಕ್ಕಟ್ಟಿನಲ್ಲಿ ನಿಂತು ಆಮ್ಲಜನಕ ತೀರಿದೆಡೆ ಆ ಪದರ ಮತ್ತೆ ಕಟ್ಟುವುದಿಲ್ಲ. ಕ್ಲೋರೈಡು ಅಲ್ಲಿಂದಲೇ ಲೋಹವನ್ನು ಕೊರೆಯುತ್ತದೆ.

ಭಾನುವಾರದ ವಿಹಾರ ರದ್ದಾಯಿತು. ಮಗು ಅತ್ತಿತು. ಪಕ್ಕದ ದೋಣಿಯವರೊಬ್ಬರು, “ನಲವತ್ತು ವರ್ಷ ನಿಂತದ್ದು ನಾಳೆಯೊಂದು ದಿನ ನಿಲ್ಲದೇ?” ಎಂದರು. ನನ್ನ ಆಕ್ಷೇಪ ಈ ಮಾತಿಗೆ. ನಲವತ್ತು ವರ್ಷ ನಿಂತದ್ದು ಲೋಹದ ಅರ್ಹತಾಪತ್ರವಲ್ಲ, ಅದು ಸವೆದ ಆಯುಷ್ಯದ ಲೆಕ್ಕ. ಕೂವೆಮರ ಮುರಿಯುವುದೆಂದರೆ ಏನೆಂದು ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ ಬಲ್ಲರು. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕೂವೆಮರ ಮುರಿದು, ಬೆನ್ನುಮೂಳೆಗೆ ಪೆಟ್ಟುಬಿದ್ದು, ರಕ್ಷಕರು ಬರುವವರೆಗೆ ಅವರು ಮೂರು ದಿನ ಅಲುಗಾಡಲಾಗದೆ ಮಲಗಿದ್ದರು. ಬಿರುಗಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಪಟ್ಟಿಯನ್ನು ಬಿಚ್ಚಿ ನೋಡುವುದು ಇದೆ.

ಪ್ರತಿವರ್ಷ ಎಲ್ಲವನ್ನೂ ಬಿಚ್ಚುವುದು ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಹಳೆಯ ದೋಣಿ ಕೊಂಡವರು ಬಣ್ಣಕ್ಕೆ ಹಣ ಸುರಿಯುವ ಮೊದಲು ಒಮ್ಮೆಯಾದರೂ ಕಣ್ಣಿಗೆ ಕಾಣದ ಭಾಗವನ್ನು ಕಾಣಬೇಕು.

ನಿಮ್ಮ ಹಳೆಯ ನೋಟ್‌ಪುಸ್ತಕ ಉಳಿದಿದ್ದರೆ ಆ ವಾಕ್ಯವನ್ನು ಹೀಗೆ ತಿದ್ದಿಕೊಳ್ಳಿ: “ಆಮ್ಲಜನಕ ಸಿಗುವವರೆಗೆ ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಸುಲಭವಾಗಿ ಹಿಡಿಯುವುದಿಲ್ಲ.” ತಪ್ಪು ನನ್ನದು, ಅಂಕ ಕಳೆಯುವುದಿದ್ದರೆ ನನ್ನದನ್ನೇ ಕಳೆಯಿರಿ.