ಆ 12 ಸಾಲಿನ ಚಾರ್ಟ್ ಹರಿದು ಹಾಕಿ

1/7
ಮ್ಯೂಸಿಕ್ ಕಲಿಯೋಕೆ ಹೊರಟ ನಮ್ಮೆಲ್ಲರ ಫೋನಲ್ಲೂ ಒಂದು ಸ್ಕ್ರೀನ್‌ಶಾಟ್ ಇರುತ್ತೆ. 12 ಮೇಜರ್ ಸ್ಕೇಲ್, 12 ಸಾಲು, ಮೇಲೆ ‘ಬೈಹಾರ್ಟ್ ಮಾಡಿ’ ಅನ್ನೋ ಅಪ್ಪಣೆ. ಮಗ್ಗಿ ಥರ ಉರು ಹೊಡೀತೀವಿ. ಮೂರು ವಾರ ಕಳೆದ ಮೇಲೆ ‘ನಂಗೆ ಥಿಯರಿ ತಲೆಗೆ ಹತ್ತಲ್ಲ’ ಅಂತ ಕೀಬೋರ್ಡನ್ನ ಮಂಚದ ಕೆಳಗೆ ತಳ್ತೀವಿ. ನಿಮ್ಮ ತಲೆ ಸರಿಯಾಗೇ ಇದೆ. ಕಲಿಸೋ ಕ್ರಮವೇ ತಲೆಕೆಳಗಾಗಿದೆ.

2/7
ನನಗೂ ಹಾಗೇ ಕಲಿಸಿದ್ರು. ಕಾಲೇಜ್ ಫೆಸ್ಟ್ ದಿನ ಕೀಬೋರ್ಡ್ ಕೈಕೊಟ್ಟು, ಯಾರದ್ದೋ ಹಳೇ ಹಾರ್ಮೋನಿಯಂ ಸಿಕ್ತು. ಹಾಡೋಳು ‘ಸಿ ತುಂಬ ಕೆಳಗಾಗುತ್ತೆ ಕಣೋ, ಡಿ ತಗೋ’ ಅಂದ್ಳು. ಅದರಲ್ಲಿ ಟ್ರಾನ್ಸ್‌ಪೋಸ್ ಬಟನ್ ಎಲ್ಲಿಂದ ಬರಬೇಕು? ಚಾರ್ಟಿನ ಡಿ ಸಾಲು ನೆನಪಿಗೆ ಬರಲೇ ಇಲ್ಲ. ನಾನು ಸಿ ಬಿಟ್ಟು ಕದಲಲಿಲ್ಲ, ಅವಳು ಕೆಳಗಿನ ಸ್ವರಗಳನ್ನೆಲ್ಲ ನುಂಗ್ಕೊಂಡೇ ಹಾಡಿದ್ಳು. ಮುಂದಿನ ಫೆಸ್ಟಿಗೆ ಬೇರೆಯವರ ಜೊತೆ ಹಾಡಿದ್ಳು. ತಪ್ಪೇನಿಲ್ಲ.

3/7
ಈಗ ವಿಷಯಕ್ಕೆ ಬರೋಣ. ಮೇಜರ್ ಸ್ಕೇಲ್ ಅಂದ್ರೆ ಸ್ವರಗಳ ನಡುವಿನ ದೂರಗಳ ಒಂದು ಕ್ರಮ. ಬಿಳಿ-ಕಪ್ಪು ಭೇದ ಮಾಡದೆ ಒಂದು ಕೀಯಿಂದ ಪಕ್ಕದ ಕೀಗೆ ಹೋದ್ರೆ ಅರ್ಧ ಹೆಜ್ಜೆ. ಮಧ್ಯೆ ಒಂದು ಕೀ ಬಿಟ್ಟು ಹೋದ್ರೆ ಪೂರ್ತಿ ಹೆಜ್ಜೆ.

ಪೂರ್ತಿ, ಪೂರ್ತಿ, ಅರ್ಧ, ಪೂರ್ತಿ, ಪೂರ್ತಿ, ಪೂರ್ತಿ, ಅರ್ಧ.

ಕೂಡಿ ನೋಡಿ: 2+2+1+2+2+2+1 = 12. ಹನ್ನೆರಡು ಅರ್ಧ ಹೆಜ್ಜೆ ಮುಗಿದಾಗ ಹೊರಟ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಸಿಗುತ್ತೆ. ಗಿಟಾರ್ ಇರೋರು ಒಂದೇ ತಂತಿ ಹಿಡಿದು, ಮೊದಲು ಫ್ರೆಟ್ ಒತ್ತದೆ ಮೀಟಿ, ಆಮೇಲೆ 2, 4, 5, 7, 9, 11, 12ನೇ ಫ್ರೆಟ್ ಒತ್ತಿ. ಅದೇ ಸ್ಕೇಲ್.

4/7
ಸಿ ಮೇಜರ್‌ನಲ್ಲಿ ಕಪ್ಪು ಕೀ ಯಾಕಿಲ್ಲ? ಇ-ಎಫ್ ನಡುವೆ, ಬಿ-ಸಿ ನಡುವೆ ಕಪ್ಪು ಕೀಯೇ ಇಲ್ಲ. ಸಿಯಿಂದ ಹೊರಟಾಗ ಎರಡು ಅರ್ಧ ಹೆಜ್ಜೆಗಳೂ ಸರಿಯಾಗಿ ಅಲ್ಲೇ ಬೀಳುತ್ತವೆ.

ಜಿಯಿಂದ ಹೊರಡಿ: ಜಿ, ಎ, ಬಿ, ಸಿ, ಡಿ, ಇ. ಮುಂದೆ ಪೂರ್ತಿ ಹೆಜ್ಜೆ ಬೇಕು, ಆದ್ರೆ ಎಫ್ ಅರ್ಧ ಹೆಜ್ಜೆಯಲ್ಲೇ ಕೂತಿದೆ. ಅದಕ್ಕೇ ಎಫ್ ಶಾರ್ಪ್. ಅದನ್ನ ಜಿ ಫ್ಲಾಟ್ ಅಂತ ಯಾಕೆ ಕರೆಯಲ್ಲ? ಸ್ಕೇಲಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಸರದಿ, ಜಿ ಸರದಿ ಆಗಲೇ ಮುಗಿದಿದೆ. ಚಾರ್ಟ್ ‘ಏನು’ ಅಂತ ಮಾತ್ರ ಹೇಳುತ್ತೆ. ‘ಯಾಕೆ’ ಅನ್ನೋದು ಈ ಲೆಕ್ಕದಲ್ಲಿದೆ.

5/7
ಬೇಜಾರಿನ ಸಂಗತಿ ಅಂದ್ರೆ, ಇದು ನಮ್ಮ ಕಿವಿಗೆ ಹೊಸದೇ ಅಲ್ಲ. ಇದೇ ಸ್ವರಸ್ಥಾನಗಳು ಕರ್ನಾಟಕ ಸಂಗೀತದಲ್ಲಿ 29ನೇ ಮೇಳ ಧೀರಶಂಕರಾಭರಣ, ಹಿಂದೂಸ್ತಾನಿಯಲ್ಲಿ ಬಿಲಾವಲ್ ಥಾಟ್. ಹಾರ್ಮೋನಿಯಂ ನುಡಿಸೋರು ‘ಬಿಳಿ ಒಂದು’, ‘ಕಪ್ಪು ಎರಡು’ ಅಂತ ಶ್ರುತಿ ಹೇಳ್ತಾರೆ. ಷಡ್ಜ ಎಲ್ಲಿಟ್ರೂ ಸರಿಗಮ ಅದೇ, ಪ್ರತಿ ಶ್ರುತಿಗೂ ಬೇರೆ ಸರಿಗಮ ಯಾರೂ ಉರು ಹೊಡೆಯಲ್ಲ. ಕೀಬೋರ್ಡ್ ಮುಂದೆ ಕೂತಾಗ ಮಾತ್ರ ಆ ಬುದ್ಧಿ ಎಲ್ಲಿಗೆ ಹೋಗುತ್ತೆ?

6/7
ಹಾಗಂತ ‘ಮೇಜರ್ ಸ್ಕೇಲೇ ಶಂಕರಾಭರಣ’ ಅಂತ ರೀಲ್ಸ್ ಮಾಡೋರಿಗೂ ಒಂದು ಮಾತು. ಮೆಟ್ಟಿಲು ಒಂದೇ, ಹತ್ತೋ ರೀತಿ ಬೇರೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಟ್ಯೂನುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳನ್ನ ಕೇಳಿ. ಆಮೇಲೆ ಅವರದೇ ‘ಅಕ್ಷಯಲಿಂಗ ವಿಭೋ’ ಕೇಳಿ. ಎರಡಕ್ಕೂ ಸ್ವರಗಳು ಶಂಕರಾಭರಣದವೇ. ಮೊದಲನೆಯದರಲ್ಲಿ ಸ್ವರಗಳು ನೆಟ್ಟಗೆ ನಡೀತವೆ, ಎರಡನೆಯದರಲ್ಲಿ ಗಮಕದಲ್ಲಿ ತೂಗ್ತವೆ. ಸ್ಕೇಲ್ ಗೊತ್ತಾದ ಮಾತ್ರಕ್ಕೆ ರಾಗ ಗೊತ್ತಾಗಲ್ಲ.

7/7
‘ಪ್ರಾಕ್ಟೀಸ್ ಬೇಡ್ವಾ ಹಾಗಾದ್ರೆ?’ ಅಂತ ಕಮೆಂಟ್ ಬರುತ್ತೆ, ಗೊತ್ತು. ಬೇಕೇ ಬೇಕು. ಎಲ್ಲಿ ಹೆಬ್ಬೆರಳು ಒಳಗೆ ತೂರಿಸಬೇಕು ಅನ್ನೋದು ಕೈಗೆ ಕೂರೋಕೆ ತಿಂಗಳುಗಳೇ ಬೇಕು. ಆದ್ರೆ ಮೊದಲು ತಿಳ್ಕೊಳ್ಳಿ, ಆಮೇಲೆ ಬೆರಳು ಪಳಗಿಸಿ. ಮರೆತುಹೋದ ಸಾಲನ್ನ ಹುಡುಕೋಕೆ ಫೋನ್ ಬೇಕು. ಅರ್ಥವಾದ ಸ್ಕೇಲನ್ನ ಸ್ಟೇಜ್ ಮೇಲೇ ಮತ್ತೆ ಕಟ್ಕೋಬಹುದು.

ಇವತ್ತಿನ ಕೆಲಸ: ಎ ಕೀಯಿಂದ ಹೊರಡಿ. ಚಾರ್ಟ್ ನೋಡಬೇಡಿ, ಟ್ರಾನ್ಸ್‌ಪೋಸ್ ಮುಟ್ಟಬೇಡಿ. ಹೆಜ್ಜೆ ಎಣಿಸಿ, ಕಿವಿಯಲ್ಲಿ ಸರಿಗಮ ಹೊಂದಿಸಿ. ಎಷ್ಟು ಕಪ್ಪು ಕೀ ಬಂತು, ಯಾವ್ಯಾವುದು, ಕಮೆಂಟಲ್ಲಿ ಬರೀರಿ. ಕೀಬೋರ್ಡ್ ಮಂಚದ ಕೆಳಗಿಟ್ಟ ಫ್ರೆಂಡ್ ಇದ್ರೆ ಟ್ಯಾಗ್ ಮಾಡಿ, ಧೂಳು ಒರೆಸ್ಕೊಂಡು ಬರ್ಲಿ.

#ಮೇಜರ್‌ಸ್ಕೇಲ್ #ಸಂಗೀತಪಾಠ #ಬೈಹಾರ್ಟ್‌ಬೇಡ